ಜೋಳದ ಕಡ್ಡಿಯ ಕಟ್ಟುಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಹೈಸ್ಕೂಲು ಮುಗಿಸಿ, ತರಬೇತಿ ಪಡೆದು ಸೇರಿದವನು. ಬಾಯಿಲೆಕ್ಕ ಕಲಿಸಲು ಜೋಳದ ದಂಟು ಸೀಳಿಸಿ ಕಡ್ಡಿ ಮಾಡಿಸುತ್ತಿದ್ದೆ. ಹತ್ತು ಕಡ್ಡಿ ಸೇರಿಸಿ ದಾರದಿಂದ ಒಂದು ಕಟ್ಟು. ಕಳೆಯುವಾಗ ಬಿಡಿ ಕಡ್ಡಿ ಸಾಲದಿದ್ದರೆ ಒಂದು ಕಟ್ಟು ಬಿಚ್ಚಬೇಕು. ಕೈಗೆ ರೂಢಿಯಾದ ಮೇಲೆ ಕಡ್ಡಿಗಳನ್ನು ಎತ್ತಿಟ್ಟು, "ಈಗ ಮನಸ್ಸಿನಾಗೇ ಬಿಚ್ರಿ" ಎನ್ನುತ್ತಿದ್ದೆ.

ನಾಲ್ಕನೇ ತರಗತಿಯಲ್ಲಿ ಕುರಿ ಸಾಕುವವರ ಮನೆಯ ಹುಡುಗಿಯೊಬ್ಬಳಿದ್ದಳು. ಮನಸ್ಸಿನಲ್ಲಿ ಬಿಚ್ಚುವಾಗಲೂ ಅವಳ ಬೆರಳುಗಳು ಗಾಳಿಯಲ್ಲಿ ದಾರ ಎಳೆಯುತ್ತಿದ್ದವು. ಉತ್ತರ ತಪ್ಪುತ್ತಿರಲಿಲ್ಲ.

"ಇನ್‌ಸ್ಪೆಕ್ಟರ್ ಸಾಹೇಬ್ರ ಮುಂದೆ ಲೆಕ್ಕ ಹೇಳ್ಲಿ ಮೇಷ್ಟ್ರೇ, ಚನ್ನಗಿರಿಗೆ ಓದಾಕೆ ಕಳಿಸ್ತೀನಿ. ಇಲ್ಲಾಂದ್ರೆ ಕುರಿ ಕಾಯಾಕೆ ನಂಗೂ ಜನ ಬೇಕು" ಎಂದಿದ್ದ ಅವಳ ಅಪ್ಪ.

"ಹೆದರಬ್ಯಾಡ, ನಾನಿರ್ತೀನಲ್ಲ" ಎಂದು ಅವಳಿಗೆ ಹೇಳಿದ್ದೆ.

ಇನ್‌ಸ್ಪೆಕ್ಟರ್ ಬಂದರು. ನಾನು ನನ್ನೂರು ನ್ಯಾಮತಿಗೆ ವರ್ಗ ಕೇಳಿದ್ದೆ. ಅದಕ್ಕೆ ಅವರ ಒಂದು ಮಾತು ಬೇಕಿತ್ತು. ಮೂಲೆಯಲ್ಲಿದ್ದ ಕಡ್ಡಿಬುಟ್ಟಿ ನೋಡಿ, "ಏನ್ರೀ, ಶಾಲೆಯಾಗೆ ಒಲೆ ಹಚ್ತೀರೇನು?" ಎಂದು ನಕ್ಕರು. ನಾನೂ ನಕ್ಕೆ.

ಆಮೇಲೆ ಅವಳನ್ನೇ ಎಬ್ಬಿಸಿದರು. "ಐವತ್ತೆರಡರಾಗೆ ಇಪ್ಪತ್ತೇಳು ಹೋದ್ರೆ?"

ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವಳ ಬೆರಳುಗಳು ಇಲ್ಲದ ದಾರದ ಗಂಟು ಹುಡುಕತೊಡಗಿದವು.

"ಇದೇನ್ರೀ, ಹಿಂಗೆ ಬೆರಳು ಆಡಿಸ್ತಾಳೆ?"

"ಮನೇಲಿ ಕಲ್ತ ಚಟ ಸಾರ್. ಎಷ್ಟು ಹೇಳಿದ್ರೂ ಬಿಡಲ್ಲ" ಎಂದೆ. ಅವಳತ್ತ ತಿರುಗಿ, "ಕೈ ಕಟ್ಟೇ" ಎಂದು ಗದರಿದೆ.

ಅವಳು ಕೈ ಕಟ್ಟಿ, ನನ್ನನ್ನೇ ನೋಡುತ್ತ ನಿಂತಳು. ಉತ್ತರ ಬರಲಿಲ್ಲ.

"ಆತು ಬಿಡ್ರಿ, ಕುರಿಗಳೇನು ಲೆಕ್ಕ ಕೇಳ್ತಾವೆ" ಎಂದು ಅಪ್ಪ ಹೊರಟ. ಅವನ ಮನೆಯಲ್ಲಿ ಅಕ್ಷರ ಬಲ್ಲವರೇ ಇರಲಿಲ್ಲ. ಆದರೂ ಅದು ಮನೇಲಿ ಕಲಿತದ್ದೆಂಬ ನನ್ನ ಮಾತಿಗೆ ಎದುರಾಡಲಿಲ್ಲ.

ಮರುದಿನ ಅವಳು ಸ್ಲೇಟಿಲ್ಲದೆ ಬಂದಳು. ಅಭ್ಯಾಸಕ್ಕೆಂದು ಒಯ್ದಿದ್ದ ಕಟ್ಟುಗಳನ್ನು ಮೇಜಿನ ಮೇಲಿಟ್ಟಳು.

"ಇವು ನಿಮ್ಮವು ಸಾರ್. ನಮ್ಮನೇವಲ್ಲ."

ಆ ಬೆರಳಾಟ ಕಲಿಸಿದವನು ನಾನೇ ಎಂದು ಅವಳ ಅಪ್ಪನಿಗೆ ಹೇಳಲು ಬೇಸಿಗೆಯವರೆಗೂ ಸಮಯವಿತ್ತು. ಮಾತು ಇನ್‌ಸ್ಪೆಕ್ಟರರ ಕಿವಿಗೆ ಬಿದ್ದೀತೆಂದು ಹೇಳಲಿಲ್ಲ. ವರ್ಗದ ಆದೇಶ ಬಂತು, ಹೊರಟುಬಿಟ್ಟೆ.

ನ್ಯಾಮತಿಯಲ್ಲಿ ಮಕ್ಕಳು ಬಾಯಿಲೆಕ್ಕಕ್ಕೆ ಕೈ ಕಟ್ಟಿ ನಿಂತರೆ ನಾನೇ ಹೋಗಿ ಆ ಕೈ ಬಿಡಿಸುತ್ತಿದ್ದೆ. ಅದರಿಂದ ಅವಳಿಗೆ ಏನೂ ಪ್ರಯೋಜನವಾಗಲಿಲ್ಲ.