ಸೀಗಡಿ ಒಗೆಯುವ ಕಲ್ಲಿನ ಮೇಲಿತ್ತು

ನಾಲ್ಕು ವರ್ಷಗಳ ಹಿಂದೆ, ಆಡಿ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ದಾಟಿದ ಮೇಲೆ, ಕರುಮತ್ತಂಪಟ್ಟಿಯ ನಮ್ಮ ಪವರ್‌ಲೂಮ್ ಶೆಡ್ಡಿನಲ್ಲಿ ಎರಡನೆಯ ಮಗ್ಗದ ಹಿಂದೆ ಕಡಿದ ಎಳೆಗೆ ಗಂಟು ಹಾಕುತ್ತ ನಿಂತಿದ್ದೆ. ನನ್ನ ಮುಖ ಬಾಗಿಲ ಕಡೆಗಿತ್ತು. ಆದ್ದರಿಂದ ನಡೆದದ್ದನ್ನು ಪೂರ್ತಿ ನೋಡಿದೆ. ನೆಂಟರು ಹೇಳುವುದು ಬೇರೆ.

ತಂಗಿ ಆಗ ಕೊಯಮತ್ತೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಮರುದಿನ ಮ್ಯಾಂಟಿಸ್ ಸೀಗಡಿಯ ಹೊರಮೈಯ ಚಿತ್ರ ಬರೆದು ಒಪ್ಪಿಸಬೇಕಿತ್ತು. ಕಾಲೇಜಿನ ಸೀಸೆಯಲ್ಲಿದ್ದದ್ದಕ್ಕೆ ಕಾಲುಗಳೇ ಉದುರಿಹೋಗಿದ್ದವಂತೆ. ಉಕ್ಕಡದ ಮೀನು ಮಾರ್ಕೆಟ್ಟಿನಲ್ಲಿ, ಸೀಗಡಿ ರಾಶಿಯೊಳಗೆ ಯಾರಿಗೂ ಬೇಡದೆ ಬಿದ್ದಿದ್ದ ಒಂದನ್ನು ಐಸಿನಲ್ಲಿಟ್ಟು ತಂದಳು. ನಮ್ಮದು ಮೀನು ಮುಟ್ಟದ ಮನೆ.

“ಅದ ಒಳಗೆ ತಂದ್ರೆ ನಾ ಮನೆ ಬಿಟ್ಟು ಹೋಗ್ತೀನಿ ಅಮ್ಮಣಿ,” ಎಂದಳು ಅಮ್ಮ.

“ಹೋಗು. ಸೋಮನೂರು ಬಸ್ಸು ಈಗ್ಲೇ ಇದೆ.”

ಅಮ್ಮ ನಕ್ಕುಬಿಟ್ಟಳು. ಅಂಗಳದ ಒಗೆಯುವ ಕಲ್ಲನ್ನು ತೋರಿಸಿದಳು. ತಂಗಿ ಅದರ ಮೇಲೆ ಬಾಳೆ ಎಲೆ ಹಾಸಿ ಸೀಗಡಿ ಇಟ್ಟಳು.

ನಾನೂ ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತೆ. ಅವಳು ದಬ್ಬಣದ ತುದಿಯಿಂದ ಒಂದೊಂದನ್ನೇ ಎತ್ತಿ ತೋರಿಸಿದಳು. ಕಣ್ಣುಗಳು ತೊಟ್ಟಿನ ತುದಿಯಲ್ಲಿದ್ದವು. ಜೀವವಿದ್ದಾಗ ಒಂದೊಂದು ಒಂದೊಂದು ಕಡೆ ತಿರುಗುತ್ತವಂತೆ. ಬೆನ್ನಿನ ಚಿಪ್ಪು ಗಿಡ್ಡ, ಎದೆಯನ್ನು ಪೂರ್ತಿ ಮುಚ್ಚುವುದಿಲ್ಲ. ನಡೆಯುವ ಕಾಲು ಮೂರೇ ಜೊತೆ, ಕಡ್ಡಿಯಷ್ಟು ತೆಳ್ಳಗೆ. ಹೊಟ್ಟೆಯ ಕೆಳಗೆ ಈಜುವ ಕಾಲುಗಳು, ಅವುಗಳಿಗೆ ಅಂಟಿಕೊಂಡು ಹಿಂಜಿದ ಹತ್ತಿಯಂತಹ ಕಿವಿರು. ಬಾಲದ ಹಲಗೆಗೆ ಮುಳ್ಳು. ಬೇಟೆಯ ಕೈ ಮಾತ್ರ ಮಡಿಸುವ ಚಾಕುವಿನಂತೆ ಮುಚ್ಚಿತ್ತು. ಬಿಡಿಸಿದಾಗ ಒಳಗೆ ಬಾಚಣಿಗೆಯ ಹಲ್ಲು.

“ಇದು ಅಷ್ಟು ಬಿರುಸಾ ಹೆಂಗೆ ಹೊಡೀತದೆ ಅಂತಲೇ ತಿಳೀತಾ ಇಲ್ಲ ಅಣ್ಣ.”

ಶೆಡ್ಡಿಗೆ ಹೊರಟಿದ್ದ ಅಪ್ಪ ನಿಂತು ನೋಡಿ, ಮಗ್ಗದ ಕಡೆ ಕೈ ತೋರಿಸಿದ. “ನಮ್ಮ ತರಿ ಕೋಲು ಮಾದಿರಿ ಇರ್ತದೆ. ಬಿಗಿ ಹಿಡಿದು ಪಟ್ ಅಂತ ಬಿಟ್ರೆ ಲಾಳಿ ಓಡ್ತದಲ್ಲ, ಹಂಗೆ.”

ಅಪ್ಪನೂ ನಾನೂ ಕೆಲಸಕ್ಕೆ ಹೋದೆವು. ಸ್ವಲ್ಪ ಹೊತ್ತಿಗೆ ಅವಳು ಸೋಪು ಹಾಕಿ ಕೈ ತೊಳೆದು ಶೆಡ್ಡಿನೊಳಗೆ ಬಂದಳು. ಸೀಗಡಿ ಕಲ್ಲಿನ ಮೇಲೇ ಇತ್ತು. ನಾನಿದ್ದಲ್ಲಿಂದ ಎಲೆ ಕಾಣುತ್ತಿತ್ತು. ಅವಳ ಕೈಯಲ್ಲಿದ್ದದ್ದು ಪೆನ್ಸಿಲ್. ನಾವೆಲ್ಲ ದಿನವೂ ಓಡಾಡುವ ದಾರಿಯಲ್ಲೇ ನಿಂತು, ಅಪ್ಪನ ಮಗ್ಗದ ಕೋಲು ಹೊಡೆಯುವುದನ್ನು ನೋಡಿದಳು. ಬಗ್ಗಲಿಲ್ಲ. ಏನನ್ನೂ ಮುಟ್ಟಲಿಲ್ಲ. ಲಾಳಿ ಮಗ್ಗ ಬಿಟ್ಟು ಹಾರಿತು. ಅದರ ಕಬ್ಬಿಣದ ಮೊನೆ ಅವಳ ಬಲಗಣ್ಣಿಗೆ ಬಡಿಯಿತು.

ಅವಳು ಕಿರುಚಲಿಲ್ಲ. “ಅಣ್ಣ, ಕರೆಂಟ್ ಆರಿಸು,” ಎಂದಳು.

ಕಣ್ಣು ಉಳಿಯಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಸಂಜೆ ನನಗೆ ಟೀ ಸುರಿಯಲು ಹೋಗಿ ಲೋಟದ ಪಕ್ಕಕ್ಕೆ ಸುರಿದಳು. ನಾನು ಬಟ್ಟೆ ತಂದೆ.

“ಆ ಸೀಗಡಿಗೆ ದೂರ ಅಳೆಯೋಕೆ ಒಂದು ಕಣ್ಣೇ ಸಾಕಂತೆ,” ಎಂದಳು. “ನನಗೆ ಎರಡು ಬೇಕಾಗಿತ್ತು ನೋಡು.” ನಕ್ಕಳು. ನನಗೆ ನಗಲಾಗಲಿಲ್ಲ.

ಕಾಲೇಜಿಗೆ ಅವಳು ಮತ್ತೆ ಹೋಗಲಿಲ್ಲ. ಮಗ್ಗಕ್ಕೆ ಪೂಜೆ ಮಾಡುವ ಜಾಗಕ್ಕೆ ಅಂಥದ್ದನ್ನು ಹಿಡಿದುಕೊಂಡು ಹೋದಳು, ಮಗ್ಗವೇ ಹೊಡೆಯಿತು ಎಂದು ನೆಂಟರು ಮಾತಾಡಿದರು. ಅಪ್ಪ ಇರುವವರೆಗೆ, “ನೀವು ಕಂಡ್ರಾ? ನಾ ಕಂಡೆ,” ಎಂದು ಬಾಯಿ ಮುಚ್ಚಿಸುತ್ತಿದ್ದ. ಅವನು ಹೋದ ಮೇಲೆ ಆ ಮಾತು ಹೆಣ್ಣು ನೋಡಲು ಬಂದವರ ಬಾಯಿಗೂ ಬಂತು.

ಹೋದ ತಿಂಗಳು ಅವಳು ನನ್ನ ಪಕ್ಕ ಬಂದು ಕುಳಿತಳು. “ಅಣ್ಣ, ನಿಜ ಹೇಳು. ಅದು ನನ್ನ ಕೈಯಲ್ಲಿತ್ತಾ?”

ಇರಲಿಲ್ಲ ಎಂದೆ. ಕಲ್ಲಿನ ಮೇಲಿತ್ತು ಎಂದೆ. ಅವಳು ತಲೆಯಾಡಿಸಿದಳು, ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಅಪ್ಪನನ್ನು ಬಿಟ್ಟರೆ ಕಂಡವರು ಮೂವರು, ಮೂವರೂ ಇದ್ದೇವೆ. ನಾನು. ಆ ಹೊತ್ತಿಗೆ ಬಾಗಿಲಲ್ಲಿ ನೂಲಿನ ಮೂಟೆ ಇಳಿಸುತ್ತಿದ್ದ ವ್ಯಾನಿನವನು. ಈಗ ವೆಳ್ಳಕೋಯಿಲ್ ಕಡೆ ಓಡಿಸುತ್ತಾನೆ, ಕೇಳಿದರೆ ಹೇಳುತ್ತಾನೆ. ಮತ್ತೆ, ಶೆಡ್ಡಿನ ಮೂಲೆಯಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಅಮ್ಮ. ನೆಂಟರು ಆ ಮಾತೆತ್ತಿದರೆ ಅವಳು ಎದ್ದು ಅಡುಗೆಮನೆಗೆ ಹೋಗುತ್ತಾಳೆ.