ಕಿಟಕಿ ತೆಗೆಯಬೇಕೋ, ಮುಚ್ಚಬೇಕೋ?

ಮೊನ್ನೆ ಬೆಳಿಗ್ಗೆ ನಮ್ಮನೆಯವರು ಸ್ನಾನಕ್ಕೆ ಹೋಗಿದ್ದಾಗ ಅವರ ಮೊಬೈಲ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ನಾನೇ ಎತ್ತಿದೆ. ಆ ಕಡೆಯಿಂದ ಹೆಂಗಸಿನ ದನಿ.

"ಸರ್, ಕಿಟಕಿ ತೆಗೀಬೇಕಾ, ಮುಚ್ಚಬೇಕಾ?"

ಮದುವೆಯಾದಾಗಿನಿಂದ ನನ್ನ ಗಂಡನಿಗೆ ಬೇರೆ ಹೆಂಗಸರಿಂದ ಬರುವ ಫೋನುಗಳೆಲ್ಲ ಹೀಗೆಯೇ. ಅನುಮಾನ ಪಡಲೂ ಒಂದು ಚಾನ್ಸ್ ಕೊಡುವುದಿಲ್ಲ.

(ಹೊಸ ಓದುಗರಿಗೆ ಒಂದು ಮಾತು. ನಮ್ಮನೆಯವರು ಕ್ಷೇತ್ರ ಶಿಕ್ಷಣಾಧಿಕಾರಿ. ನಮ್ಮ ಕಡೆಯ ಯಾವ ಸರ್ಕಾರಿ ಶಾಲೆಯ ಹೆಂಚು ಜಾರಿದರೂ ಅದು ಬೀಳುವುದು ಅವರ ತಲೆಯ ಮೇಲೆ. ಹಳೆಯ ಓದುಗರಿಗೆ ಈ ತಲೆಯ ಪರಿಚಯ ಸಾಕಷ್ಟಿದೆ.)

ಫೋನ್ ಮಾಡಿದ್ದು ಚಾಮರಾಜಪೇಟೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ನಾಗರತ್ನ ಮೇಡಂ. ಅವರ ಕಷ್ಟ ನಿಜವಾದದ್ದೇ. ಗಡಿಯಲ್ಲಿ ಆಗ ಗುಂಡಿನ ಸದ್ದು. ಟಿವಿಯವರು ಸ್ಟುಡಿಯೋದಲ್ಲಿ ಕೂತೇ ಮುಕ್ಕಾಲು ಯುದ್ಧ ಗೆದ್ದುಬಿಟ್ಟಿದ್ದರು. ಶಾಲೆಗಳಲ್ಲಿ ಮಾಕ್ ಡ್ರಿಲ್ ಮಾಡಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಸೈರನ್ ಕೂಗಿದ ತಕ್ಷಣ ಮಕ್ಕಳನ್ನೆಲ್ಲ ಒಂದೇ ಕೋಣೆಗೆ ಸೇರಿಸಿ, ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ.

ಅದೇ ವಾರ ಊರಿಗೆ ಊರೇ ಜ್ವರದಲ್ಲಿ ಮಲಗಿತ್ತು. ಅದಕ್ಕೆ ಇನ್ನೊಂದು ಆದೇಶ. ಮಕ್ಕಳನ್ನು ಯಾವ ಕಾರಣಕ್ಕೂ ಒಂದೇ ಕೋಣೆಯಲ್ಲಿ ಗುಂಪು ಸೇರಿಸಬೇಡಿ, ಕಿಟಕಿ ಬಾಗಿಲು ಪೂರ್ತಿ ತೆರೆದಿಡಿ.

ಎರಡರಲ್ಲೂ ‘ಕಟ್ಟುನಿಟ್ಟಾಗಿ’ ಎಂಬ ಪದ ಇತ್ತು.

ನಮ್ಮನೆಯವರು ಒದ್ದೆ ತಲೆಯಲ್ಲೇ ತಮ್ಮ ಮೇಲಧಿಕಾರಿಗೆ ಫೋನ್ ಮಾಡಿದರು. "ಎರಡನ್ನೂ ಫಾಲೋ ಮಾಡಿ" ಎಂದರು ಅವರು.

"ಹೇಗೆ ಸರ್?"

"ಲೋಕಲ್ ಆಗಿ ನೋಡ್ಕೊಳ್ರೀ."

(ಸರ್ಕಾರಿ ಭಾಷೆಯಲ್ಲಿ ಇದರ ಅರ್ಥ: ಏನಾದರೂ ಎಡವಟ್ಟಾದರೆ ಸಿಕ್ಕಿಹಾಕಿಕೊಳ್ಳುವವನು ನೀನು.)

ಆಮೇಲೆ ಡ್ರಿಲ್ ನಡೆಸುವವರಿಗೆ ಫೋನ್ ಮಾಡಿದರು. ಅಲ್ಲಿದ್ದವರು ಬಹಳ ವಿನಯದಿಂದ, "ಸಾರ್, ಜ್ವರ ನಮಗೆ ಬರಲ್ಲ" ಎಂದರು. ಪುಣ್ಯವಂತರು.

ನಾನು ತಟ್ಟೆಗೆ ಉಪ್ಪಿಟ್ಟು ಬಡಿಸುತ್ತಾ, "ರೀ, ಒಂದು ವಾರ ರಜಾ ಕೊಟ್ಬಿಡಿ. ಯಾರು ಕೇಳ್ತಾರೆ?" ಎಂದೆ. ಅವರ ಆಫೀಸಿನವರೂ ಇದನ್ನೇ ಹೇಳಿದ್ದರಂತೆ. ಅವರು ಚಮಚ ಕೆಳಗಿಟ್ಟರು.

"ಮುಚ್ಚೋದು ಸುಲಭ ಕಣೇ. ಮತ್ತೆ ತೆಗೆದಾಗ ಯಾರು ವಾಪಸ್ ಬರ್ತಾರೆ ಅಂತ ಯಾರಿಗ್ಗೊತ್ತು? ರೇಣುಕಾ ಬಂದ್ಲಾ?"

ರೇಣುಕಾ ಯಾರೆಂದು ನಿಮಗೂ ಹೇಳಬೇಕು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ನಾನು ಮನೆಯಲ್ಲಿ ಕೂತು ಕುಕ್ಕರಿನಲ್ಲಿ ಕೇಕ್ ಮಾಡುವುದನ್ನು ಕಲಿಯುತ್ತಿದ್ದೆ. ಇವರ ಮೇಷ್ಟರುಗಳು ಬೀದಿ ಬೀದಿ ಸುತ್ತಿ ಯಾರಿಗೆ ಕೆಮ್ಮು ಎಂದು ಸರ್ವೆ ಮಾಡುತ್ತಿದ್ದರು. ಪಾಠವೆಲ್ಲ ಆನ್‌ಲೈನ್. ಆದರೆ ಈ ಸರ್ಕಾರಿ ಶಾಲೆಗಳ ಮಕ್ಕಳ ಮನೆಯಲ್ಲಿ ಇದ್ದದ್ದು ಒಂದೇ ಫೋನು. ಅದು ಬೆಳಿಗ್ಗೆಯೇ ಅಪ್ಪನ ಜೇಬಿನಲ್ಲಿ ಕೂತು ಆಟೋ ಹತ್ತಿ ಮೆಜೆಸ್ಟಿಕ್ ಕಡೆ ಹೊರಟುಬಿಡುತ್ತಿತ್ತು. ಪಾಠ ಕೇಳುವವರು ಯಾರು?

ಶಾಲೆ ಮತ್ತೆ ಶುರುವಾದಾಗ ಏಳನೇ ಕ್ಲಾಸಿನ ರೇಣುಕಾ ಬರಲಿಲ್ಲ. ಚೆನ್ನಾಗಿ ಓದುವ ಹುಡುಗಿ ಎಂದು ಇವರೇ ಅವಳ ಮನೆ ಹುಡುಕಿಕೊಂಡು ಹೋದರು. ಅವಳು ಊದುಬತ್ತಿ ಹೊಸೆಯುತ್ತಾ ಕೂತಿದ್ದಳು. ಎರಡೂ ಅಂಗೈ ಕಪ್ಪಾಗಿದ್ದವು. "ಈಗ ನಂಗೆ ಟೈಮ್ ಇಲ್ಲ ಸರ್" ಎಂದಳಂತೆ, ತಲೆ ಎತ್ತದೆ. ಮತ್ತೆ ಮತ್ತೆ ಹೋಗಿ ಬಂದರು. ಕೊನೆಗೆ ಆ ಮನೆಯವರು ಬಾಡಿಗೆ ಮನೆ ಬದಲಿಸಿದರು. ಅಷ್ಟೇ.

ಆ ಬೆಳಿಗ್ಗೆ ಉಪ್ಪಿಟ್ಟು ತಟ್ಟೆಯಲ್ಲೇ ಆರಿತು. ಇವರು ನಾಗರತ್ನ ಮೇಡಂಗೆ ಫೋನ್ ಮಾಡಿದರು. "ಮೇಡಂ, ಶಾಲೆ ನಡೀಲಿ. ಕಿಟಕಿ ತೆಗೆದಿಡಿ. ಬಾಂಬ್ ಬರೋದು ಅನುಮಾನ, ಜ್ವರ ಆಗ್ಲೇ ಬಂದಿದೆ. ಇವತ್ತು ಡ್ರಿಲ್ ಶುರುವಾದಾಗ ಮಕ್ಕಳನ್ನ ವರಾಂಡಾದಲ್ಲಿ ದೂರ ದೂರ ಕೂರಿಸಿ. ನಾನೂ ಬರ್ತೀನಿ."

ಬರುವುದು ಹೇಗೆ? ಜೀಪಿನ ಡ್ರೈವರ್‌ಗೂ ಜ್ವರ. ಕೊನೆಗೆ ನಾನೇ ನನ್ನ ಸ್ಕೂಟರ್ ತೆಗೆದೆ. ಒಂದು ಇಡೀ ಕ್ಷೇತ್ರದ ಶಿಕ್ಷಣ ವ್ಯವಸ್ಥೆ ಮಾಸ್ಕ್ ಹಾಕಿಕೊಂಡು, ಹೆಲ್ಮೆಟ್ ಹಾಕಿಕೊಂಡು, ತ್ಯಾಗರಾಜನಗರದಿಂದ ಚಾಮರಾಜಪೇಟೆಯವರೆಗೆ ನನ್ನ ಹಿಂದಿನ ಸೀಟಿನಲ್ಲಿ "ನಿಧಾನ, ನಿಧಾನ" ಎನ್ನುತ್ತಾ ಕೂತಿತ್ತು.

ಶಾಲೆಯಲ್ಲಿ ಡ್ರಿಲ್ ನೋಡಲು ಒಬ್ಬ ಅಧಿಕಾರಿ, ಜ್ವರ ನೋಡಲು ಇನ್ನೊಬ್ಬ ಅಧಿಕಾರಿ ಬಂದಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನಿಂತಿದ್ದರು. ಡ್ರಿಲ್‌ನವರು ಕೈಯಲ್ಲಿ ತಿರುಗಿಸುವ ಒಂದು ಸೈರನ್ ತಂದಿದ್ದರು. ತಿರುಗಿಸಿದರು. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. (ವಾರವೇ ಹಾಗಿತ್ತು.)

"ಪರವಾಗಿಲ್ಲ, ಸ್ಕೂಲ್ ಬೆಲ್ಲೇ ಹೊಡೀರಿ. ಉದ್ದಕ್ಕೆ" ಎಂದರು ಆ ಅಧಿಕಾರಿ.

"ಅಯ್ಯೋ ಬೇಡ ಸಾರ್" ಎಂದು ನಾಗರತ್ನ ಮೇಡಂ ಬಾಯಿ ತೆರೆಯುವಷ್ಟರಲ್ಲಿ ಅಟೆಂಡರ್ ಹೊಡೆದಾಗಿತ್ತು.

ಉದ್ದನೆಯ ಬೆಲ್ಲಿಗೆ ಈ ದೇಶದ ಯಾವ ಮಗುವಿನ ಮಟ್ಟಿಗೂ ಅರ್ಥ ಒಂದೇ ಅಲ್ಲವೇ? ಮನೆಗೆ. ಬ್ಯಾಗುಗಳು ಹೆಗಲೇರಿದವು. ಅಧಿಕಾರಿಗಳ ಕಾರು ಒಳಗೆ ಬರಲೆಂದು ತೆರೆದಿದ್ದ ಗೇಟು ಹಾಗೇ ಇತ್ತು. ನಾವು ಕಣ್ಣು ಬಿಟ್ಟು ನೋಡುತ್ತಿರುವಾಗಲೇ ಇಡೀ ಶಾಲೆ ರಸ್ತೆಗೆ ಹರಿದುಹೋಯಿತು.

ಚಾಮರಾಜಪೇಟೆಯ ರಸ್ತೆ ನಿಮಗೆ ಗೊತ್ತು. ಲಗೇಜ್ ಆಟೋ, ತಳ್ಳುಗಾಡಿ, ಬಸ್ಸು, ಯಾವುದಕ್ಕೂ ನಿಲ್ಲದ ಬೈಕು. ನಮ್ಮನೆಯವರು ಹೆಲ್ಮೆಟ್ ತೆಗೆಯುವುದನ್ನೂ ಮರೆತು ಮಕ್ಕಳ ಹಿಂದೆ ಓಡಿದರು. ನಾನೂ ಓಡಿದೆ. ಕಡಲೆಕಾಯಿ ಗಾಡಿಯ ಹತ್ತಿರ ಇಬ್ಬರು ಸಿಕ್ಕರು. "ಎಲ್ಲಿಗ್ರೋ?" ಎಂದರೆ, "ಬೆಲ್ ಹೊಡೀತಲ್ಲ ಆಂಟಿ" ಎಂದರು, ನನ್ನ ದಡ್ಡತನಕ್ಕೆ ಮರುಗಿ. ಉಳಿದವರು ಯಾವ ಸಂದಿಯಲ್ಲಿ ಕರಗಿದರೋ.

ಇಬ್ಬರನ್ನು ಹಿಡಿದುಕೊಂಡು ನಾನು ವಾಪಸ್ ಬಂದೆ. ಬೆವರಿಳಿಸುತ್ತಾ ನಮ್ಮನೆಯವರೂ ಬಂದರು, ಬರಿಗೈಯಲ್ಲಿ. ಅಂಗಳದಲ್ಲಿ ಅಧಿಕಾರಿಗಳಿಬ್ಬರೂ ಪರಮ ಸಂತೋಷದಲ್ಲಿದ್ದರು.

"ಇಷ್ಟು ಫಾಸ್ಟಾಗಿ ಎಲ್ಲೂ ಖಾಲಿಯಾಗಿರ್ಲಿಲ್ಲ ಸಾರ್" ಎಂದರು ಡ್ರಿಲ್‌ನವರು. ಜ್ವರದವರು ಖಾಲಿ ಕೋಣೆಗಳಲ್ಲಿ ಇಣುಕಿ, "ಗುಂಪಿಲ್ಲ, ಗಾಳಿ ಚೆನ್ನಾಗಿ ಆಡ್ತಿದೆ" ಎಂದು ತಲೆದೂಗಿದರು. ಇಬ್ಬರೂ ಕೈಕುಲುಕಿ ಹೊರಟುಹೋದರು. ಯುದ್ಧಕ್ಕೂ ಸರಿ, ಜ್ವರಕ್ಕೂ ಸರಿ ಎನಿಸುವ ಶಾಲೆ ಎಂದರೆ ಮಕ್ಕಳೇ ಇಲ್ಲದ ಶಾಲೆ. ಇದು ಇಷ್ಟು ದಿನ ನಮಗೆ ಯಾಕೆ ಹೊಳೆದಿರಲಿಲ್ಲ?

ನಮ್ಮನೆಯವರ ಮುಖ ಮಾತ್ರ ಬಿಳಿಚಿಕೊಂಡಿತ್ತು. ಯಾವುದಾದರೂ ಮಗು ಬಸ್ಸಿನ ಕೆಳಗೆ ಸಿಕ್ಕಿದ್ದರೆ? ಗೇಟಿನ ಕಂಬ ಹಿಡಿದು ರಸ್ತೆ ನೋಡುತ್ತಾ ನಿಂತುಬಿಟ್ಟರು. ಮೇಷ್ಟರುಗಳು ಆಗಲೇ ನಾಲ್ಕೂ ದಿಕ್ಕಿಗೆ ಹೊರಟಿದ್ದರು.

ನಾಗರತ್ನ ಮೇಡಂ ಬಿಸಿಯೂಟದ ಅಡುಗೆಮನೆಯ ಕಡೆ ಹೋಗಿ ಬಂದು, "ಇವತ್ತು ಮೊಟ್ಟೆ ದಿನ ಸರ್" ಎಂದರು. "ಬರ್ತಾರೆ."

"ಬರದೇ ಇದ್ರೆ ಮೇಡಂ?"

ಅವರು ಹಾಜರಿ ಪುಸ್ತಕ ತಂದು ಗೇಟಿನ ಹತ್ತಿರವೇ ನಿಂತರು.

ಮೊದಲು ಬಂದವರು ಅಕ್ಕ ತಂಗಿ, ಕೈ ಕೈ ಹಿಡಿದುಕೊಂಡು. ಬ್ಯಾಗ್ ಮನೆಯಲ್ಲೇ ಬಿಟ್ಟು ಬಂದಿದ್ದರು, ತಟ್ಟೆ ಮಾತ್ರ ಮರೆತಿರಲಿಲ್ಲ. ಆಮೇಲೆ ಮೂವರು. ಆಮೇಲೆ ಒಂದು ಹಿಂಡು. ಹೂವಿನ ಬುಟ್ಟಿ ಹೊತ್ತ ತಾಯಿಯೊಬ್ಬಳು ಮಗನ ಕಿವಿ ಹಿಡಿದು ಕರೆತಂದು, "ಏನ್ ಮೇಡಂ ಇದು, ಊಟ ಹಾಕ್ದೆ ಮನೆಗೆ ಕಳಿಸ್ತೀರಾ? ನಾನು ಯಾಪಾರಕ್ಕೆ ಹೋಗ್ಬೇಡ್ವಾ?" ಎಂದು ಇಬ್ಬರನ್ನೂ ಒಟ್ಟಿಗೆ ಬೈದಳು. ಯಾರಿಗೂ ಬೇಜಾರಾಗಲಿಲ್ಲ.

ಮೇಡಂ ಕ್ಲಾಸುಗಳ ಪ್ರಕಾರ ಹಾಜರಿ ಕೂಗಿದರು. ಬೆಳಿಗ್ಗೆ ಬಂದಿದ್ದವರೆಲ್ಲ ವಾಪಸ್ ಬಂದಿದ್ದರು. ಒಬ್ಬ ಹುಡುಗ ಶಾಲೆಗೇ ಸೇರದ ತನ್ನ ತಮ್ಮನನ್ನೂ ಕರೆತಂದಿದ್ದ. ಅವನಿಗೂ ತಟ್ಟೆ ಸಿಕ್ಕಿತು. ಆಗ ನಮ್ಮನೆಯವರು ಹೆಲ್ಮೆಟ್ ತೆಗೆದು, ಗೋಡೆಗೆ ಒರಗಿ, ಬಹಳ ಹೊತ್ತು ಕನ್ನಡಕ ಒರೆಸಿದರು. ನಾನು ಸಾರಿನ ಪಾತ್ರೆಯ ಕಡೆ ನೋಡಿದೆ.

ಸಾಲಿನಲ್ಲಿದ್ದ ಒಂದು ಹುಡುಗಿ ಅವರ ಮುಂದೆ ನಿಂತಳು. "ಯುದ್ಧ ಮುಗೀತಾ ಸರ್?"

"ಮುಗೀತಮ್ಮ."

"ಯಾರು ಗೆದ್ರು?"

"ಅದು... ಮೇಲಿನವರನ್ನ ಕೇಳಿ ಹೇಳ್ತೀನಿ."

"ಮತ್ತೆ ನಾಳೆ ಸ್ಕೂಲ್ ಇದ್ಯಾ?"

"ಇದೆ" ಎಂದರು.

ಇದೊಂದನ್ನು ಮಾತ್ರ ಅವರು ಯಾರನ್ನೂ ಕೇಳದೆ ಹೇಳಿದರು.