ಮೈಬಣ್ಣದ ಡಬ್ಬಿ

ಚಿತ್ರಕಲಾ ಶಾಲೆಯಲ್ಲಿ ಎಲ್ಲರಿಗೂ ಅವಳು ಕೂರೋ ಅಮ್ಮ. ಕಿಟಕಿ ಪಕ್ಕದ ಮರದ ಪೀಠದ ಮೇಲೆ ಶಾಲು ಹೊದ್ದು ಅಲುಗಾಡದೆ ಕೂರುವುದು, ಮಕ್ಕಳು ಅವಳನ್ನು ನೋಡಿ ಚಿತ್ರ ಬರೆಯುವುದು, ಅದೇ ಅವಳ ಕಸುಬು. ಸುಮ್ಮನೆ ಕೂತು ಸಂಬಳ ಎಣಿಸುವ ಪುಣ್ಯವಂತೆ ಎಂದು ನೆಂಟರಿಗೆ ಹೊಟ್ಟೆಕಿಚ್ಚು. ಮೂಗು ತುರಿಸಿದರೂ ಕೆರೆದುಕೊಳ್ಳದೆ ಅರ್ಧ ದಿನ ಕೂತು ನೋಡಲಿ, ಆಗ ಗೊತ್ತಾಗುತ್ತದೆ!

ಕೂತಲ್ಲೇ, ಕಣ್ಣು ತೆರೆದುಕೊಂಡೇ, ಅವಳು ಎಲ್ಲೋ ತೇಲಿಹೋಗುತ್ತಿದ್ದಳು. ಎಣ್ಣೆಬಣ್ಣದ ವಾಸನೆಗೆ ಮಂಪರು ಹತ್ತುತ್ತಿತ್ತು. ಗಾಜಿನ ಬಿಸಿಲು ನೀರಾಗಿ ಮಡಿಲಿಗೆ ಇಳಿಯುತ್ತಿತ್ತು. ತೀರಿಹೋದ ಅವ್ವ ಮೆಲ್ಲಗೆ ಬಂದು ತಲೆ ಬಾಚುತ್ತಿದ್ದಳು. ಮಕ್ಕಳು ಬರೆದದ್ದನ್ನು ಇಣುಕಿ ನೋಡುವ ಗೋಜಿಗೆ ಅವಳು ಹೋದವಳೇ ಅಲ್ಲ.

ಆ ಶಾಲೆಯಲ್ಲೊಂದು ರೂಢಿಯಿತ್ತು. ಪ್ರತಿ ವರ್ಷ ಮೇಷ್ಟ್ರು ದೊಡ್ಡ ಡಬ್ಬಿ ತುಂಬ 'ಮೈಬಣ್ಣ' ಕಲಸಿಡುತ್ತಿದ್ದರು. ಹಾಲಿಗೆ ತೊಟ್ಟು ಗುಲಾಬಿ ಬಿದ್ದಂಥ ಬಣ್ಣ. ಯಾರ ಮೈ ಬರೆದರೂ ಅದರಲ್ಲೇ ಅದ್ದಬೇಕು. ಕೂರೋ ಅಮ್ಮನೋ ಅಪ್ಪಟ ಕಪ್ಪು, ಅವಳ ಜನವೆಲ್ಲ ಕಪ್ಪು. ಅವರ ಪೈಕಿ ಅಲ್ಲಿ ಕಲಿಯಲು ಸೇರಿದವರು ಒಬ್ಬರೂ ಇರಲಿಲ್ಲ.

ಅವಳ ಮಗಳ ಕೈಯಲ್ಲಿ ಚಿತ್ರ ಕುಣಿಯುತ್ತಿತ್ತು. ಶಾಲೆಗೆ ಸೇರಲು ಮಾತ್ರ ಹಿಂಜರಿಕೆ. "ಹೆದರ್ತೀಯ ಯಾಕೆ? ಅಲ್ಲಿ ಗೋಡೆ ತುಂಬ ನಾನೇ ಇದ್ದೀನಿ," ಎಂದು ಅಮ್ಮ ಅವಳನ್ನು ಚಿತ್ರಶಾಲೆಗೆ ಕರೆದೊಯ್ದಳು.

ಮಗಳು ಗೋಡೆಯುದ್ದಕ್ಕೂ ನಡೆದು ಹಿಂದಿರುಗಿದಳು.

"ಶಾಲು ನಿಂದೇ ಅಮ್ಮ. ಮುಖ ಯಾರ್ದು? ನಾನಿಲ್ಲಿ ಸೇರಲ್ಲ."

ಕೂರೋ ಅಮ್ಮ ಆಗ ಕಣ್ಣರಳಿಸಿ ನೋಡಿದಳು. ಅಷ್ಟೂ ಚಿತ್ರಗಳಲ್ಲಿ ಬೆಳ್ಳಗಿನ ಪರದೇಶಿಯೊಬ್ಬಳು ಅವಳ ಶಾಲು ಹೊದ್ದು ಕೂತಿದ್ದಳು.

ಮರುದಿನ ಪೀಠ ಹತ್ತುವ ಮೊದಲು ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಒತ್ತಿ, "ಇದು ಬೇಡ. ನನ್ನ ಬಣ್ಣ ಕಲಸಿದ್ರೆ ಕೂರ್ತೀನಿ," ಎಂದಳು.

ಮೇಷ್ಟ್ರು ಪಿಳಿಪಿಳಿ ಕಣ್ಣು ಬಿಟ್ಟರು. "ಇಷ್ಟು ವರ್ಷ ನೀವೇನೂ ಹೇಳ್ಲಿಲ್ವಲ್ಲಮ್ಮ?"

"ಕೂತಿರೋರು ಬಾಯಿ ಬಿಡಬಾರ್ದು ಅಂದಿದ್ರಲ್ಲ!"

ಅಂದು ಯಾರೂ ಒಂದು ಗೆರೆಯನ್ನೂ ಎಳೆಯಲಿಲ್ಲ. ಕಂದು, ನೀಲಿ, ಕೆಂಪು ಕಲಸಿದ್ದೇ ಕಲಸಿದ್ದು. ಒಬ್ಬೊಬ್ಬರೇ ಬಂದು ಅವಳ ಕೆನ್ನೆಯ ಪಕ್ಕ ಬ್ರಷ್ ಹಿಡಿದು, ತಲೆಯಾಡಿಸಿ, ವಾಪಸ್ಸು ಹೋಗುತ್ತಿದ್ದರು. ಅಮ್ಮನನ್ನು ಕರೆದೊಯ್ಯಲು ಬಂದ ಮಗಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

"ಇಷ್ಟು ಸಾಕಾ?" ಎಂದು ಒಬ್ಬ ಸಂಕೋಚದಿಂದ ಕೇಳಿದ.

"ಸಾಲಲ್ಲ," ಎನ್ನುತ್ತ ಮಗಳು ಒಳಗೆ ಬಂದು ಬ್ರಷ್ಷಿಗೆ ಕೈಚಾಚಿದಳು. "ನಮ್ಮಮ್ಮ ಇನ್ನೂ ಕಪ್ಪು."